ಮೆಕ್ಕಾಗೆ ಹೊರಟ ದಿಂಬಿನ ಗವಸು

ಕತ್ತಿಗೆ ಸಿಕ್ಕಿಸಿಕೊಳ್ಳುವ ಪ್ರಯಾಣದ ದಿಂಬು ಕೊಚ್‌ಕೋರ್ ಬಜಾರಿನಲ್ಲಿ ನಾನೂರ ಐವತ್ತು ಸೋಮ್. ಅದಕ್ಕೊಂದು ಗವಸು ಹೊಲಿಯಲು ಅರ್ಧ ಮೀಟರ್ ಹತ್ತಿ ಬಟ್ಟೆ ಬೇಕು, ತೊಂಬತ್ತು. ಜಿಪ್ಪು ಇಪ್ಪತ್ತೈದು, ದಾರ ಹದಿನೈದು. ನನ್ನ ಕೂಲಿ ಹೊರಗಿನವರಿಗೆ ನೂರೈವತ್ತು, ಮನೆಯವರಿಗೆ ಒಂದು ಬಟ್ಟಲು ಚಹಾ. ಹಳೆಯ ತುಂಡುಗಳನ್ನು ಕೌದಿಯ ಹಾಗೆ ಜೋಡಿಸಿ ಹೊಲಿದರೆ ಬಟ್ಟೆಯ ತೊಂಬತ್ತೂ ಉಳಿಯುತ್ತದೆ. ನನ್ನ ಓರಗಿತ್ತಿ ಬೆಗಾಯಿಮ್ ಉಳಿಸಿದ್ದು ಅದನ್ನೇ ಎಂದು ನಾನು ತಿಳಿದಿದ್ದೆ.

ಬಜಾರಿನ ಹಿಂದಿನ ಸಾಲಿನಲ್ಲಿ, ಬೂಟು ರಿಪೇರಿಯವನ ಪಕ್ಕದ್ದು ನನ್ನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಪರದೆ, ಹಾಸಿಗೆಯ ಹೊದಿಕೆ, ಶಾಲೆಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ಬುರ್ಮಾಕಾನ್ ಹೊಲಿದದ್ದು ಎಂದರೆ ಬಟ್ಟೆ ಹರಿಯಬಹುದು, ಹೊಲಿಗೆ ಬಿಡುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ಅತ್ತೆಗೆ ನಾನು ಹಿರಿಯ ಸೊಸೆ. ಅತ್ತೆಯನ್ನು ನಾವಿಬ್ಬರೂ ಅಪಾ ಎನ್ನುತ್ತೇವೆ, ಹೆತ್ತ ತಾಯಿಯನ್ನು ಕರೆಯುವ ಹಾಗೆಯೇ. ನಮ್ಮಲ್ಲಿ ಹಿರಿಮಗ ಮದುವೆಯಾದ ಮೇಲೆ ಬೇರೆ ಮನೆ ಕಟ್ಟಿಕೊಳ್ಳಬೇಕು, ಹುಟ್ಟಿದ ಮನೆ ಕಿರಿಮಗನಿಗೆ. ಹಾಗಾಗಿ ಮನೆ, ಏಪ್ರಿಕಾಟ್ ಮರಗಳು, ಹಸು, ಕೊನೆಗೆ ಅತ್ತೆ ಕೂಡ ಬೆಗಾಯಿಮ್ ಪಾಲು. ಅದರ ಬಗ್ಗೆ ನಾನು ಯಾವತ್ತೂ ಗೊಣಗಿದವಳಲ್ಲ. ಪದ್ಧತಿಯ ಜೊತೆ ಜಗಳ ಆಡಿ ಗೆದ್ದವರು ಯಾರಿದ್ದಾರೆ? ನನ್ನ ಕಣ್ಣಿದ್ದದ್ದು ಒಂದು ಗಂಟಿನ ಮೇಲೆ.

ತುಂಬು ಬಾಳು ಬಾಳಿದವರು ತೀರಿಕೊಂಡರೆ, ಮಣ್ಣಿಗೆ ಬಂದವರಿಗೆಲ್ಲ ಬಟ್ಟೆ ಹರಿದು ಒಂದೊಂದು ತುಂಡು ಕೊಡುತ್ತಾರೆ. ಹೋದವರ ಆಯುಷ್ಯ ತಮಗೂ ತಮ್ಮ ಮಕ್ಕಳಿಗೂ ಬರಲಿ ಎಂದು ಹೆಂಗಸರು ಆ ತುಂಡನ್ನು ಕೌದಿಗೋ ಮಗುವಿನ ಅಂಗಿಗೋ ಸೇರಿಸುತ್ತಾರೆ. ಅಪಾ ನಲವತ್ತು ವರ್ಷದ ತುಂಡುಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಯಾವುದು ಯಾರದು, ಅವರಿಗೆ ಎಷ್ಟು ವಯಸ್ಸಾಗಿತ್ತು, ಆ ದಿನ ಹಿಮ ಬಿದ್ದಿತ್ತೇ ಇಲ್ಲವೇ, ಎಲ್ಲ ಹೇಳಬಲ್ಲವರಾಗಿದ್ದರು. ಈ ವರ್ಷ ಹಜ್‌ಗೆ ಹೆಸರು ಬಂದ ದಿನವೇ ಹೇಳಿದ್ದರು: "ಹೊರಡೋ ಮುಂಚೆ ಈ ಗಂಟನ್ನ ನಿಮ್ಮಿಬ್ಬರಲ್ಲಿ ಒಬ್ಬಳಿಗೆ ಕೊಟ್ಟು ಹೋಗ್ತೀನಿ. ವಾಪಸ್ ಬರ್ತೀನೋ ಇಲ್ಲವೋ."

ಸೂಜಿ ಹಿಡಿಯುವವಳು ನಾನು. ಬೆಗಾಯಿಮ್ ಆಸ್ಪತ್ರೆಯಲ್ಲಿ ನರ್ಸು. ಗಂಟು ಯಾರಿಗೆ ಬರಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಆ ಬುಧವಾರದವರೆಗೆ.

ಬುಧವಾರ ಬೆಳಿಗ್ಗೆ ಬೆಗಾಯಿಮ್ ಏದುಸಿರು ಬಿಡುತ್ತ ಅಂಗಡಿಗೆ ಬಂದು, ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದಳು.

"ಎಜೆ, ಒಂದು ಜಿಪ್ ಹಾಕ್ಕೊಡ್ತೀರಾ?" ಅಕ್ಕನನ್ನು ನಾವು ಕರೆಯುವುದು ಹಾಗೆ.

"ಏನೇ ಇದು, ಕತ್ತೆ ಜೀನಿನ ಹಾಗಿದೆ?"

"ಅಪಾಗೆ. ವಿಮಾನದಲ್ಲಿ ಕತ್ತು ನೋಯಬಾರದಲ್ಲಾ. ದಿಂಬು ತಂದದ್ದು, ಕವರು ನಾನೇ ಹೊಲಿದದ್ದು."

"ನೀನಾ? ಇಂಜೆಕ್ಷನ್ ಸೂಜಿ ಬಿಟ್ಟು ಬೇರೆ ಸೂಜಿ ನಿನ್ನ ಕೈಯಲ್ಲಿ ನಾನಂತೂ ಕಂಡಿಲ್ಲ."

"ಅದಕ್ಕೇ ಜಿಪ್ ನಿಮಗೆ ಬಿಟ್ಟಿದ್ದು," ಎಂದು ನಕ್ಕಳು. ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯಿತು. ಓಡುತ್ತಲೇ ತಿರುಗಿ ಕೂಗಿದಳು: "ಎಜೆ, ಜಿಪ್ ಮಾತ್ರ! ಬೇರೇನೂ ಮುಟ್ಟಬೇಡಿ, ಆಯ್ತಾ? ಶುಕ್ರವಾರ ಬಂದು ಎಲ್ಲಾ ಹೇಳ್ತೀನಿ!"

ಬೇರೇನೂ ಮುಟ್ಟಬೇಡಿ! ಯಾರಿಗೆ ಹೇಳುತ್ತಿದ್ದಾಳೆ? ಅವಳ ಮದುವೆಯ ಹಾಸಿಗೆಯ ಹನ್ನೆರಡು ಹೊದಿಕೆ ಹೊಲಿದವಳಿಗೆ!

ಗವಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಏಳು ತುಂಡು, ಏಳು ಬಣ್ಣ. ಹೂವಿನ ಚೀಟಿ ಬಟ್ಟೆ, ನೀಲಿ ಸ್ಯಾಟಿನ್, ಯಾರದೋ ಹಳೆಯ ಮಖಮಲ್ಲಿನ ಅಂಗಿಯ ತೋಳು. ತುಂಡು ತುಂಡಿನ ನಡುವೆ ಹೊಲಿಗೆ ಹಾವು ಹರಿದ ಹಾಗೆ. ಒಂದು ಕಡೆ ಕಪ್ಪು ದಾರ, ಒಂದು ಕಡೆ ಹಸಿರು, ಇನ್ನೊಂದು ಕಡೆ ಕಾಲುಚೀಲ ಹೆಣೆಯುವ ಉಣ್ಣೆಯ ಎಳೆ. ಒಂದು ಮೂಲೆಯಲ್ಲಂತೂ ಐದು ಹೊಲಿಗೆ ಒಂದರ ಮೇಲೊಂದು ಬಿದ್ದು ಕಡಲೆಕಾಳಿನಷ್ಟು ಗಂಟಾಗಿತ್ತು. ಕೈಗೆ ಸಿಕ್ಕಿದ ದಾರದಲ್ಲಿ, ಟಿ.ವಿ. ನೋಡುತ್ತ ಹೊಲಿದಿದ್ದಾಳೆ ಎಂದುಕೊಂಡೆ.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹಿಂದಿನ ಭಾನುವಾರದ್ದು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಅಪಾಗೆ ಪ್ರಯಾಣಕ್ಕೆಂದು ನಾನು ಒಂದು ನಿಲುವಂಗಿ ಹೊಲಿದುಕೊಟ್ಟಿದ್ದೆ. ಒಳಗೆ ಅಸ್ತರಿ, ಅಸ್ತರಿಯಲ್ಲಿ ಎರಡು ಗುಪ್ತ ಜೇಬು, ಒಂದು ಪಾಸ್‌ಪೋರ್ಟಿಗೆ, ಒಂದು ದುಡ್ಡಿಗೆ. ಒಂಬತ್ತು ದಿನದ ಕೆಲಸ. ಅಪಾ ಅದನ್ನು ಹಾಕಿ ನೋಡಿ, "ಚೆನ್ನಾಗಿದೆ, ಬೆಚ್ಚಗಿದೆ" ಎಂದು ಗೂಟಕ್ಕೆ ತೂಗಿದರು. ಆಮೇಲೆ ಚಹಾಗೆ ಕೂತಾಗ ಮುಖ ಅರಳಿಸಿಕೊಂಡು, "ಬೆಗಾಯಿಮ್ ನನಗೆ ಏನೋ ಹೊಲೀತಾ ಇದ್ದಾಳಂತೆ, ನೋಡಬಾರದಂತೆ! ನಾನು ರೂಮಿಗೆ ಹೋದ್ರೆ ಹಿಂದೆ ಬಚ್ಚಿಟ್ಕೋತಾಳೆ" ಎಂದು ಮೂರು ಸಲ ಹೇಳಿದರು. ಒಂಬತ್ತು ದಿನಕ್ಕೆ ಎರಡು ಮಾತು, ಬಚ್ಚಿಟ್ಟುಕೊಂಡದ್ದಕ್ಕೆ ಮೂರು ಸಲ ಹೊಗಳಿಕೆ.

ನಾನು ಹೊಲಿಗೆ ಬಿಚ್ಚುವ ಸೂಜಿ ತೆಗೆದುಕೊಂಡೆ.

ಮೊದಲು ಒಂದೇ ಸಾಲು ಸರಿಮಾಡೋಣ ಎಂದಿದ್ದೆ. ಒಂದು ಸಾಲು ನೆಟ್ಟಗಾದರೆ ಪಕ್ಕದ್ದು ಇನ್ನೂ ಸೊಟ್ಟಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಏಳು ತುಂಡುಗಳೂ ಬೇರೆಬೇರೆಯಾಗಿ ಮೇಜಿನ ಮೇಲಿದ್ದವು. ಕಿತ್ತ ದಾರವನ್ನು ಗುಡಿಸಿ ಒಲೆಗೆ ಹಾಕಿದೆ. ತುಂಡುಗಳಿಗೆ ಇಸ್ತ್ರಿ ಮಾಡಿದೆ. ದಿಂಬನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಒಂದು ಬೆರಳಗಲ ಹೊಲಿಗೆಗೆ ಬಿಟ್ಟು ಕತ್ತರಿಸಿದೆ. ಇಂಥ ಗವಸಿನಲ್ಲಿ ಕಷ್ಟವಿರುವುದು ಕತ್ತಿಗೆ ತಾಗುವ ಒಳಬಾಗಿನಲ್ಲಿ. ಅಲ್ಲಿ ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕದಿದ್ದರೆ, ಮಗುಚಿದಾಗ ನೆರಿಗೆ ಬಿದ್ದು ಕತ್ತನ್ನು ಕೊರೆಯುತ್ತದೆ. ನಾನು ಹದಿನಾರು ಕಚ್ಚು ಹಾಕಿದೆ. ಜಿಪ್ಪನ್ನು ಬೆನ್ನ ಕಡೆ ಕಾಣದ ಹಾಗೆ ಕೂರಿಸಿದೆ. ಒಂದೇ ಕೆನೆಬಣ್ಣದ ದಾರ, ಒಂದೇ ಅಳತೆಯ ಹೊಲಿಗೆ. ದಿಂಬಿಗೆ ತೊಡಿಸಿದಾಗ ಅಂಗಡಿಯಿಂದ ತಂದದ್ದಕ್ಕಿಂತ ಚೆನ್ನಾಗಿತ್ತು. ಬೂಟಿನವನು ಕತ್ತಿಗೆ ಹಾಕಿಕೊಂಡು, "ಬುರ್ಮಾ, ಇದನ್ನ ಹಾಕ್ಕೊಂಡ್ರೆ ನನಗೂ ಹಜ್‌ಗೆ ಕರೀತಾರೇನೋ" ಎಂದ.

ಗವಸು ನೋಡಿದವರೆಲ್ಲ ಯಾರು ಹೊಲಿದದ್ದು ಎಂದು ಕೇಳುತ್ತಾರೆ, ಬೆಗಾಯಿಮ್ ಬಾಯಿಂದಲೇ ನನ್ನ ಹೆಸರು ಬರಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಶುಕ್ರವಾರ ಅವಳು ಬಂದಳು. ಗವಸು ನೋಡಿದವಳೇ ಬಾಯಿಗೆ ಕೈ ಹಿಡಿದಳು. ಸಂತೋಷಕ್ಕೆ ಎಂದುಕೊಂಡೆ.

"ಎಜೆ... ಹೊಲಿಗೆ ಎಲ್ಲಿ?"

"ಕಣ್ಣು ಕಾಣಲ್ವಾ? ನೋಡು, ಎಷ್ಟು ನೆಟ್ಟಗಿದೆ."

"ಅಜ್ಜಿಯಂದಿರ ಹೊಲಿಗೆ ಎಜೆ! ಏಳು ಜನರದ್ದು!" ಗವಸನ್ನು ಮಗುಚಿ ಮಗುಚಿ ಹುಡುಕಿದಳು. "ಅಪಾನ ಗೆಳತಿಯರು. ಒಬ್ಬೊಬ್ಬರ ಮನೆಗೂ ಹೋಗಿ ಒಂದೊಂದು ತುಂಡು ಕೇಳಿದೆ. ಅವರವರ ತುಂಡನ್ನ ಜೋಡಿಸೋ ಅಂಚಲ್ಲಿ ಅವರೇ ಐದೈದು ಹೊಲಿಗೆ ಹಾಕ್ಕೊಟ್ರು, ಮಿಕ್ಕಿದ್ದು ನಾನು ಹೊಲಿದೆ. 'ನಾವಂತೂ ಮೆಕ್ಕಾ ನೋಡಲ್ಲ, ನಮ್ಮ ಹೊಲಿಗೆಯಾದ್ರೂ ನೋಡ್ಲಿ' ಅಂತ. ಒಂದೊಂದು ಹೊಲಿಗೆಗೂ ಒಂದೊಂದು ಪ್ರಾರ್ಥನೆ ಹೇಳ್ಕೊಂಡು ಹಾಕಿದ್ರು."

ಮಗುವಿಗೆ ನಲವತ್ತು ದಿನ ತುಂಬಿದಾಗ ನಲವತ್ತು ಮನೆಯ ತುಂಡು ಬೇಡಿ ಅಂಗಿ ಹೊಲಿಯುವುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ನಾನೇ ಅಂಥ ಹತ್ತಾರು ಅಂಗಿ ಹೊಲಿದಿದ್ದೇನೆ. ಬಣ್ಣಬಣ್ಣದ ದಾರ, ಏಳು ಬಗೆಯ ಕೈ ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ. ಬೆಗಾಯಿಮ್‌ಗೆ ಹೊಲಿಗೆ ಬರುವುದಿಲ್ಲ ಎಂಬುದೊಂದೇ ನನಗೆ ಬೇಕಾಗಿತ್ತು, ಅದೊಂದೇ ಕಂಡಿತು.

"ಕಿತ್ತ ದಾರ?" ಎಂದಳು.

"ಒಲೆಗೆ ಹಾಕಿದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಣ್ಣೊರೆಸಿಕೊಂಡು, "ನೀವು ಬೇಕಂತ ಮಾಡಿಲ್ಲ ಎಜೆ" ಎಂದಳು. ನಾನು ಬೇಕೆಂದೇ ಮಾಡಿದ್ದೆ. ಅದು ನನಗೆ ಮಾತ್ರ ಗೊತ್ತಿತ್ತು.

"ಮಂಗಳವಾರ ಅಪಾನ ಬೀಳ್ಕೊಡುಗೆ ಊಟ. ಅಷ್ಟರೊಳಗೆ ನನಗೆ ರಜೆ ಇಲ್ಲ," ಎಂದಳು.

"ಬಿಟ್ಟುಹೋಗು. ನಾನು ನೋಡ್ಕೋತೀನಿ."

ಯಾವ ತುಂಡು ಯಾರದು ಎಂದು ಹೇಳಿ ಅವಳು ಹೋದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಆ ಏಳು ಕೈಗಳನ್ನು ನಕಲು ಮಾಡಲು ಕೂತೆ. ಮಷೀನಿನ ಹೊಲಿಗೆಯನ್ನು ಅಲ್ಲಲ್ಲಿ ಐದು ಹೊಲಿಗೆಯಷ್ಟು ಬಿಚ್ಚಿ, ಕಪ್ಪು, ಹಸಿರು, ಉಣ್ಣೆ, ನೆನಪಿದ್ದ ದಾರವನ್ನೆಲ್ಲ ತೆಗೆದೆ. ಸೊಟ್ಟ ಹೊಲಿಯುವುದು ಏನು ಮಹಾ ಎಂದುಕೊಂಡಿದ್ದೆ. ನನ್ನ ಕೈ ಒಪ್ಪಲಿಲ್ಲ. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಮತ್ತೆ ಒಂದು ಮೇಲೆ. ಸೊಟ್ಟಗಿದ್ದರೂ ಸಾಲು ಕಟ್ಟಿಕೊಂಡೇ ಸೊಟ್ಟಗಿದ್ದವು.

ಎರಡನೆಯ ತುಂಡಿನಲ್ಲಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ತುರ್ದುಬುಬು ಅಜ್ಜಿ. ಎಂಬತ್ತೊಂದು ವರ್ಷ, ಅಪಾನ ಬಾಲ್ಯದ ಗೆಳತಿ. ಹಲ್ಲು ಹೋಗಿದೆ, ನಾಲಿಗೆ ಹೋಗಿಲ್ಲ.

"ನಮ್ಮ ಕವರು ಇಲ್ಲಿದೆಯಂತೆ? ನನ್ನ ಹೊಲಿಗೆ ನಿನ್ನ ಜಿಪ್ಪಿನ ಕೆಳಗೆ ಸಿಕ್ಕೊಂಡಿಲ್ಲ ತಾನೆ?"

"ಇಲ್ಲ ಅಜ್ಜಿ, ಇಲ್ಲಿದೆ ನೋಡಿ." ಕಪ್ಪು ದಾರದ ಐದು ಹೊಲಿಗೆ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನನ್ನನ್ನು ನೋಡಿದರು. "ಇದು ನಂದಾ? ಅರವತ್ತು ವರ್ಷ ಸೊಸೆಯಾಗಿ, ಅತ್ತೆಯಾಗಿ ಹೊಲಿದಿದ್ದೀನಿ, ಒಂದು ದಿನಾನೂ ಇಷ್ಟು ಅಚ್ಚುಕಟ್ಟಾಗಿ ಸೊಟ್ಟ ಹೊಲಿಯೋಕೆ ಬರಲಿಲ್ಲ. ಏನು ಮಾಡಿದೆ ನೀನು?"

ಹೇಳಿದೆ. ಹೇಳದೆ ಉಳಿಯುವ ಹಾಗಿರಲಿಲ್ಲ.

ಅಜ್ಜಿ ಸ್ಟೂಲಿನ ಮೇಲೆ ಕೂತು ಕೋಲನ್ನು ನೆಲಕ್ಕೆ ಕುಟ್ಟಿದರು. "ಅಯ್ಯೋ ಮಂಕೇ! ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತೆ. ನಾನು ನನ್ನ ಓರಗಿತ್ತಿಯ ಹಾಲಿಗೆ ಉಪ್ಪು ಹಾಕಿದವಳು. ಆದ್ರೆ ನಾನು ಅವಳ ಹಾಲಿಗೆ ಹಾಕಿದೆ. ನೀನು ನಮ್ಮ ಹಾಲಿಗೆ ಹಾಕಿದೀಯ." ಆಮೇಲೆ ಕೈ ಚಾಚಿದರು. "ಕೊಡು ಸೂಜಿ. ಆ ಸುಳ್ಳು ಹೊಲಿಗೆ ಕಿತ್ತಾಕು ಮೊದಲು. ದಾರ ಪೋಣಿಸು, ನನಗೆ ಕಾಣಲ್ಲ. ಉಳಿದವರ ಮನೆಗೆ ನೀನೇ ಹೋಗಬೇಕು, ತಿಳೀತಾ? ಬೆಗಾಯಿಮ್‌ನ ಕಳಿಸಿದ್ರೆ ಒಂದೇ ಒಂದು ಹೊಲಿಗೆ ಹಾಕಬೇಡಿ ಅಂತ ಎಲ್ಲರಿಗೂ ಫೋನ್ ಮಾಡ್ತೀನಿ."

ಶನಿವಾರ ಅಂಗಡಿ ಮುಚ್ಚಿದೆ. ದನದ ಸಂತೆಯ ದಿನ, ವಾರದಲ್ಲೇ ಹೆಚ್ಚು ವ್ಯಾಪಾರದ ದಿನ. ಚೀಲದಲ್ಲಿ ಗವಸು ಹಾಕಿಕೊಂಡು ಹೊರಟೆ.

ಮೊದಲ ಮನೆಯಲ್ಲಿ ಅಜ್ಜಿ ರೊಟ್ಟಿ ಸುಡುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿ, "ಕೈ ತೊಳ್ಕೊಂಡು ಬರ್ತೀನಿ, ಒಲೆ ನೋಡ್ಕೋ. ರೊಟ್ಟಿ ಸೀದ್ರೆ ಅದೂ ನಿನ್ನ ತಲೆ ಮೇಲೇ" ಎಂದರು. ಎರಡನೆಯವರು ಹೊಲಿಗೆ ಹಾಕುತ್ತ ಪ್ರತಿ ಹೊಲಿಗೆಗೂ, "ಮೊದಲನೇ ಸಲದ್ದು ಇದಕ್ಕಿಂತ ಚೆನ್ನಾಗಿ ಬಂದಿತ್ತು" ಎಂದು ನಿಟ್ಟುಸಿರಿಟ್ಟರು. ಮೂರನೆಯವರು ಬಾಗಿಲಲ್ಲೇ ನಿಲ್ಲಿಸಿ, "ಬೆಗಾಯಿಮ್ ಬಂದಾಗ ನನ್ನ ಬಿ.ಪಿ. ನೋಡಿದ್ಲು, ಉಗುರು ಕತ್ತರಿಸಿದ್ಲು. ನೀನೇನು ಮಾಡ್ತೀಯ?" ಎಂದರು. ಅವರ ಕಿಟಕಿಯ ಪರದೆ ನೆಲಕ್ಕೆ ಎಳೆಯುತ್ತಿತ್ತು. ಅಲ್ಲೇ ಕೂತು ಅದನ್ನು ಮಡಿಚಿ ಹೊಲಿದುಕೊಟ್ಟೆ.

ಬೈಗುಳ ನನಗೆ ಭಾರವಾಗಲಿಲ್ಲ. ಭಾರವಾದದ್ದು ಹೊಗಳಿಕೆ. ಹೋದ ಮನೆಯಲ್ಲೆಲ್ಲ ಬೆಗಾಯಿಮ್, ಬೆಗಾಯಿಮ್. ಎಷ್ಟು ಮೆತ್ತಗೆ ಮಾತಾಡುತ್ತಾಳೆ, ಹೇಗೆ ಹಿಟ್ಟಿನ ಬೋರ್ಸೋಕ್ ಕರಿದು ತಂದಿದ್ದಳು, ಹೇಗೆ ಪಕ್ಕದಲ್ಲಿ ಕೂತು ಹಳೆಯ ಕತೆ ಕೇಳಿದಳು. ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ. ಇವರೆಲ್ಲರ ಮನೆಯ ಪರದೆ ನಾನು ಹೊಲಿದದ್ದು, ಅಳತೆ ತೆಗೆದುಕೊಂಡು ಹೊರಟುಬಿಡುತ್ತಿದ್ದೆ. ಅವಳು ಬಂದು ಆರು ವರ್ಷ, ಇವರ ಮೊಮ್ಮಕ್ಕಳ ಹೆಸರು ಅವಳಿಗೆ ಬಾಯಿಪಾಠ. ಐದನೆಯ ಮನೆಯಿಂದ ಹೊರಬರುವಾಗ ನನ್ನ ಹೊಟ್ಟೆ ಬುಧವಾರಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಆರನೆಯ, ಕೊನೆಯ ಮನೆಗೆ ಬೀಗ. ಅಯಿಮ್‌ಕಾನ್ ಅಜ್ಜಿಯನ್ನು ಗುರುವಾರವೇ ಮಗಳು ತಲಾಸ್‌ಗೆ ಕರೆದುಕೊಂಡು ಹೋಗಿದ್ದಳು. ಹೋಗಿ ಬರಲು ಎರಡು ದಿನದ ದಾರಿ, ಮಧ್ಯೆ ಎರಡು ಕಣಿವೆ, ಮೇಲಿನ ದಾರಿಯಲ್ಲಿ ಕಲ್ಲು ಜಾರಿ ರಸ್ತೆ ಮುಚ್ಚಿತ್ತು. ಅಜ್ಜಿಗೆ ಎರಡೂ ಕಣ್ಣಿಲ್ಲ. ಕಡಲೆಕಾಳಿನಷ್ಟು ಗಂಟಾಗಿದ್ದ ಆ ಐದು ಹೊಲಿಗೆ ಅವರದ್ದು.

ಪಕ್ಕದ ಮನೆಯವರಿಂದ ನಂಬರು ತೆಗೆದುಕೊಂಡು ಫೋನ್ ಮಾಡಿದೆ.

"ಯಾರು? ಹೊಲಿಗೆ ಬುರ್ಮಾನಾ?" ಎಂದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. "ಆ ಐದು ಹೊಲಿಗೆಗೆ ನನಗೆ ಅರ್ಧ ದಿನ ಹಿಡೀತು ಕಣಮ್ಮ. ಬೆರಳಿಗೆಲ್ಲ ಚುಚ್ಕೊಂಡೆ."

"ನಿಮ್ಮ ಬದಲು ನಾನು ಹಾಕಲಾ ಅಜ್ಜಿ? ನಿಮ್ಮ ಪ್ರಾರ್ಥನೆ ಹೇಳಿ, ನಾನೂ ಅದನ್ನೇ ಹೇಳ್ಕೊಂಡು ಹಾಕ್ತೀನಿ."

"ಬೇಡ," ಎಂದರು. "ನನ್ನದಲ್ಲದ್ದು ನನ್ನ ಹೆಸರಲ್ಲಿ ಅಲ್ಲಿಗೆ ಹೋಗೋದು ಬೇಡ. ಜಾಗ ಖಾಲಿ ಬಿಡು." ಫೋನ್ ಇಟ್ಟರು.

ಎರಡು ಬೆರಳಗಲ ಖಾಲಿ ಬಿಟ್ಟೆ. ಅದರ ಎರಡೂ ತುದಿಗೆ ಬಿಚ್ಚಿಕೊಳ್ಳದ ಹಾಗೆ ಬಿಗಿ ಹಾಕಿದೆ. ನನ್ನಿಂದ ಆಗುತ್ತಿದ್ದದ್ದು ಅಷ್ಟೆ.

ಮಂಗಳವಾರ ಮಧ್ಯಾಹ್ನ ಅಪಾನ ಮನೆಯಲ್ಲಿ ಊಟದ ಹಾಸಿನ ಸುತ್ತ ಹೆಂಗಸರು ತುಂಬಿದ್ದರು. ಆರೂ ಅಜ್ಜಿಯಂದಿರು ಬಂದಿದ್ದರು. ಮಾಂಸದ ಸಾರು ಮುಗಿದು ಚಹಾ ಬಂದಾಗ ಬೆಗಾಯಿಮ್ ದಿಂಬು ತಂದು ಅಪಾನ ತೊಡೆಯ ಮೇಲಿಟ್ಟಳು. ಏಳು ಮನೆಯ ಹೆಸರು ಹೇಳಿದಳು. ಅಪಾ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯತೊಡಗಿದರು. "ಇದು ತುರ್ದುಬುಬು, ಎಳೆದು ಹಾಕಿದಾಳೆ ನೋಡು, ದಾರ ಉಳಿಸೋಕೆ," ಎಂದು ನಕ್ಕರು. ತುರ್ದುಬುಬು ಅಜ್ಜಿ, "ನಿನ್ನ ಹಾಗೆ ದಂಡ ಮಾಡೋಳಲ್ಲ ನಾನು" ಎಂದರು. ಹೆಬ್ಬೆರಳು ಸರಿಯುತ್ತ ಸರಿಯುತ್ತ ಖಾಲಿ ಜಾಗಕ್ಕೆ ಬಂದು ನಿಂತಿತು.

"ಅಯಿಮ್‌ಕಾನ್ ತುಂಡು ಇದು. ಅವಳ ಹೊಲಿಗೆ ಎಲ್ಲಿ?"

ಅಜ್ಜಿಯಂದಿರು ಆರೂ ಜನ ತಮ್ಮ ತಮ್ಮ ಚಹಾ ನೋಡಿಕೊಂಡರು. ಬೆಗಾಯಿಮ್ ತಟ್ಟನೆ, "ನನ್ನ ಕೈಯಲ್ಲಿ ಬಿಚ್ಚಿಹೋಯ್ತು ಅಪಾ. ನಾನು ಸರಿಯಾಗಿ ಗಂಟು ಹಾಕಿರಲಿಲ್ಲ" ಎಂದಳು.

ಸುಮ್ಮನಿದ್ದುಬಿಡಬಹುದಿತ್ತು. ಕೆಂಪು ಗಂಟು ಇನ್ನೂ ಯಾರಿಗೂ ಸೇರಿರಲಿಲ್ಲ. ಆದರೆ ಮನೆ ಅವಳಿಗೆ, ಹಸು ಅವಳಿಗೆ, ಊರಿನ ಅಜ್ಜಿಯಂದಿರ ಬಾಯಲ್ಲಿ ಅವಳೇ, ಈಗ ನನ್ನ ತಪ್ಪನ್ನು ಹೊತ್ತ ಪುಣ್ಯವೂ ಅವಳಿಗೇ? ಅದನ್ನು ಮಾತ್ರ ಅವಳಿಗೆ ಬಿಟ್ಟುಕೊಡಲು ನನಗೆ ಆಗಲಿಲ್ಲ.

"ಸುಳ್ಳು ಹೇಳ್ತಾಳೆ ಅಪಾ," ಎಂದೆ. "ಬಿಚ್ಚಿದ್ದು ನಾನು. ಏಳೂ ಬಿಚ್ಚಿದೆ, ದಾರ ಸುಟ್ಟೆ. ಜಿಪ್ ಮಾತ್ರ ಅಂತ ಅವಳು ಹೇಳಿದ್ಲು, ನಾನು ಕೇಳಲಿಲ್ಲ. ನೀವು ಅವಳನ್ನ ಹೊಗಳಿದ್ದಕ್ಕೆ ಬಿಚ್ಚಿದೆ. ಆರು ಜನ ಮತ್ತೆ ಹಾಕ್ಕೊಟ್ರು. ಅಯಿಮ್‌ಕಾನ್ ಅಜ್ಜಿ ತಲಾಸ್‌ನಲ್ಲಿದ್ದಾರೆ."

ಅಪಾ ದಿಂಬನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದರು. ಕೆಂಪು ಗಂಟು ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತರು.

"ಬುರ್ಮಾ, ಇದನ್ನ ನಿನಗೇ ಅಂತ ಇಟ್ಟಿದ್ದೆ. ನಿನ್ನಂಥ ಕೈ ನಮ್ಮ ಮನೇಲಿ ಇನ್ನೊಂದಿಲ್ಲ. ಆದ್ರೆ ನೀನು ಯಾರದು, ಏನು ಅಂತ ಕೇಳದೆ ಬಿಚ್ತೀಯ. ಇದರಲ್ಲಿರೋ ಒಂದೊಂದು ತುಂಡನ್ನೂ ಕೇಳಿ ಮುಟ್ಟಬೇಕು." ಗಂಟನ್ನು ಬೆಗಾಯಿಮ್ ಕೈಗೆ ಕೊಟ್ಟರು.

ಆಮೇಲೆ ಪದ್ಧತಿಯಂತೆ ಒಬ್ಬೊಬ್ಬರ ಕೈ ಹಿಡಿದು ಕೇಳುತ್ತ ಬಂದರು: ನನ್ನಿಂದ ನೋವಾಗಿದ್ರೆ ಬಿಟ್ಟುಬಿಡು, ಮನಸಾರೆ ಕಳಿಸ್ಕೊಡು. ಎಲ್ಲರೂ ಹೇಳುವ ಉತ್ತರ ಒಂದೇ, ನಗುತ್ತಾ ಹೋಗಿ ಬನ್ನಿ, ಏನೂ ಬೇಸರವಿಲ್ಲ ಎಂದು. ನನ್ನ ಸರದಿ ಬಂತು.

"ಬೇಸರ ಇದೆ ಅಪಾ," ಎಂದೆ. "ಹೊಟ್ಟೆ ಉರೀತಿದೆ. ಹೋಗಿ ಬನ್ನಿ, ಆದ್ರೆ ಉರೀತಿದೆ."

ಅಪಾ ನನ್ನ ಕೈ ಬಿಡಲಿಲ್ಲ. "ಉರೀಲಿ ಬಿಡು. ಇಲ್ಲ ಅಂದಿದ್ರೆ ನಿನ್ನ ಸುಳ್ಳನ್ನ ಅಲ್ಲೀವರೆಗೂ ನಾನು ಹೊತ್ಕೊಂಡು ಹೋಗಬೇಕಾಗಿತ್ತು," ಎಂದರು. ಮುಂದಿನವರ ಕಡೆ ತಿರುಗಿದರು.

ಅಪಾ ಹೋಗಿ ಸುಖವಾಗಿ ಬಂದರು. ಗಂಟು ಬೆಗಾಯಿಮ್ ಪೆಟ್ಟಿಗೆಯಲ್ಲಿದೆ. ಅದನ್ನು ಕಂಡಾಗಲೆಲ್ಲ ಈಗಲೂ ಒಳಗೆ ಒಮ್ಮೆ ಚುರುಕ್ ಎನ್ನುತ್ತದೆ. ಆರು ಜನರ ಹೊಲಿಗೆ ಮೆಕ್ಕಾ ನೋಡಿತು. ಅಯಿಮ್‌ಕಾನ್ ಅಜ್ಜಿಯ ಐದು ಹೊಲಿಗೆ ನೋಡಲಿಲ್ಲ. ಅವನ್ನು ಕಳೆದವಳು ನಾನು.